ಈಜಿಪ್ಟಿನ ಮನೆ ಅಡುಗೆ ಕಲಿಯಬೇಕು, ಯಾವುದರಿಂದ ಶುರು ಮಾಡಲಿ?

ಪ್ರಶ್ನೆ

ನಮ್ಮ ಯಜಮಾನರಿಗೆ ಕೈರೋದಲ್ಲಿ ಕೆಲಸ ಸಿಕ್ಕಿದೆ. ಮಗಳ ಪರೀಕ್ಷೆ ಮುಗಿದ ಮೇಲೆ ನಾವೂ ಹೊರಡುತ್ತೇವೆ. ಮನೆಯಲ್ಲಿ ಮಾಂಸ, ಮೀನು, ಮೊಟ್ಟೆ ಯಾವುದೂ ಇಲ್ಲ. ಹಾಗಂತ ಅಲ್ಲಿಗೆ ಹೋಗಿಯೂ ದಿನಾ ಅನ್ನ ಸಾರು ಮಾಡಿಕೊಂಡು ಕೂರಲು ನನಗೆ ಇಷ್ಟವಿಲ್ಲ. ಅಲ್ಲಿನವರು ಮನೆಯಲ್ಲಿ ಏನು ಮಾಡಿಕೊಳ್ಳುತ್ತಾರೋ ಅದನ್ನೇ ಕಲಿಯುವ ಆಸೆ. ಯಾವ ಅಡುಗೆಯಿಂದ ಶುರು ಮಾಡಲಿ? ಯಾವುದರಲ್ಲಿ ಮಾಂಸ ಸೇರಿರುತ್ತದೆ ಎಂದು ತಿಳಿಯುವುದು ಹೇಗೆ? ಇಲ್ಲಿಂದ ಏನೇನು ಒಯ್ಯಬೇಕು? ಅಲ್ಲಿ ಇದ್ದವರು ದಯವಿಟ್ಟು ಹೇಳಿ.

ಕೈರೋದ ಮಾದಿಯಲ್ಲಿ ಸಂಸಾರ ಮಾಡಿದವರು

ಧೈರ್ಯವಾಗಿ ಹೋಗಿ ಅಕ್ಕ. ಈಜಿಪ್ಟ್ ಅಂದರೆ ಬರೀ ಕಬಾಬು ಅಂತ ಇಲ್ಲಿ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲಿನ ಸಾಮಾನ್ಯ ಮನೆಗಳ ಅಡುಗೆ ನಿಂತಿರುವುದು ಕಾಳು, ಸೊಪ್ಪು, ಅನ್ನ ಮತ್ತು ರೊಟ್ಟಿಯ ಮೇಲೆ.

ಫೂಲ್‌ನಿಂದ ಶುರು ಮಾಡಿ. ಇದು ಫಾವಾ ಬೀನ್ಸ್ ಕಾಳು. ನೋಡಲು ಅವರೆಯ ನೆಂಟನ ಹಾಗಿದ್ದರೂ ಜಾತಿ ಬೇರೆ, ರುಚಿಯೂ ಬೇರೆ. ಅಂಗಡಿಯಲ್ಲಿ ‘ಫೂಲ್ ಹಮ್ಮಾಮ್’ ಅಂತ ಕೇಳಿ, ಸಣ್ಣ ಕಾಳು ಕೊಡುತ್ತಾರೆ. ಹಿಂದಿನ ಕಾಲದಲ್ಲಿ ಕೈರೋದ ಸಾರ್ವಜನಿಕ ಸ್ನಾನದ ಮನೆಗಳಲ್ಲಿ ನೀರು ಕಾಯಿಸುವ ಒಲೆ ಇರುತ್ತಿತ್ತಲ್ಲ, ಅದರ ಬಿಸಿ ಬೂದಿಯಲ್ಲಿ ಕಾಳಿನ ಪಾತ್ರೆ ಹೂತು ರಾತ್ರಿಯಿಡೀ ಬೇಯಿಸುತ್ತಿದ್ದರು. ಈಗಲೂ ಬೆಳಿಗ್ಗೆ ಗಾಡಿಯವರ ಹತ್ತಿರ ಹೊಟ್ಟೆ ದೊಡ್ಡದು, ಕತ್ತು ಕಿರಿದು ಆಗಿರುವ ಪಾತ್ರೆ ನೋಡುತ್ತೀರಿ. ಕತ್ತು ಕಿರಿದಾದ್ದರಿಂದ ಹಬೆ ಹೊರಗೆ ಹೋಗುವುದಿಲ್ಲ, ಕಾಳು ಒಡೆಯದೆ ಬೆಣ್ಣೆಯಷ್ಟು ಮೆತ್ತಗಾಗುತ್ತದೆ.

ಮನೆಯಲ್ಲಾದರೆ ರಾತ್ರಿ ನೆನೆಸಿ, ಒಂದು ಹಿಡಿ ಮಸೂರ್ ಬೇಳೆ ಸೇರಿಸಿ ಕುಕ್ಕರಿನಲ್ಲಿ ಇಡಿ. ಬೇಳೆ ಕರಗಿ ರಸ ಗಟ್ಟಿಯಾಗುತ್ತದೆ. ಆಮೇಲೆ ಸಣ್ಣ ಉರಿಯಲ್ಲಿ ಇನ್ನೂ ಸ್ವಲ್ಪ ಹೊತ್ತು ಬಿಡಿ, ಇಲ್ಲಿ ಅವಸರ ಬೇಡ. ಉಪ್ಪನ್ನು ಕೊನೆಗೆ ಹಾಕಿ. ಅರ್ಧಂಬರ್ಧ ಮಸೆದು, ಜೀರಿಗೆ ಪುಡಿ, ನಿಂಬೆರಸ ಹಾಕಿ, ಮೇಲೆ ಎಣ್ಣೆ ಬಿಡಬೇಕು. ಅಗಸೆ ಎಣ್ಣೆ ಬಿಟ್ಟು ತಿಂದು ನೋಡಿ. ಅದರ ಸ್ವಲ್ಪ ಒಗರು ಕಾಳಿಗೆ ಬಹಳ ಚೆನ್ನಾಗಿ ಹೊಂದುತ್ತದೆ. ಜೊತೆಗೆ ಐಶ್ ಬಲದಿ, ಅಂದರೆ ಗೋಧಿಯ ಉಬ್ಬು ರೊಟ್ಟಿ. ಈ ರೊಟ್ಟಿಯನ್ನು ಅಲ್ಲಿ ಯಾರೂ ಹಗುರವಾಗಿ ನೋಡುವುದಿಲ್ಲ. 1977ರಲ್ಲಿ ಸರ್ಕಾರ ದಿನಸಿಯ ಸಬ್ಸಿಡಿ ತೆಗೆಯಲು ಹೋದಾಗ ಜನ ಬೀದಿಗೆ ಇಳಿದರು, ಸರ್ಕಾರವೇ ಹಿಂದೆ ಸರಿಯಿತು. ರೇಷನ್ ರೊಟ್ಟಿ ದಶಕಗಳ ಕಾಲ 5 ಪಿಯಾಸ್ಟರ್‌ಗೇ (ಅಲ್ಲಿನ ಪೈಸೆ, ನೂರು ಸೇರಿದರೆ ಒಂದು ಪೌಂಡ್) ಸಿಗುತ್ತಿತ್ತು. 2024ರ ಜೂನ್‌ನಿಂದ 20 ಆಗಿದೆ.

ಆಮೇಲೆ ತಾಮೇಯಾ, ನಮ್ಮ ವಡೆಯಂಥದ್ದು. ಬೇರೆ ಅರಬ್ ದೇಶಗಳಲ್ಲಿ ಕಡಲೆಕಾಳಿನಿಂದ ಮಾಡುವ ಫಲಾಫೆಲ್ ಇಲ್ಲಿ ಫಾವಾ ಬೇಳೆಯದ್ದು. ಬೇಳೆಯನ್ನು ಬೇಯಿಸಬಾರದು. ನೆನೆಸಿ, ನೀರು ಪೂರ್ತಿ ಬಸಿದು, ಕೊತ್ತಂಬರಿ ಸೊಪ್ಪು, ಸಬ್ಬಸಿಗೆ, ಪಾರ್ಸ್ಲಿ, ಈರುಳ್ಳಿ, ಬೆಳ್ಳುಳ್ಳಿ ಜೊತೆ ರುಬ್ಬಿ, ಎಳ್ಳು ಒತ್ತಿ ಕರಿಯುವುದು. ಸೊಪ್ಪಿಗೆ ಜಿಪುಣತನ ಮಾಡಬೇಡಿ. ಮುರಿದಾಗ ಒಳಗೆ ಹಚ್ಚ ಹಸಿರು ಕಾಣಬೇಕು.

ಅಲೆಕ್ಸಾಂಡ್ರಿಯಾದಲ್ಲಿ ಇರುವವರು

ಫೂಲ್ ವಿಷಯ ಸರಿ. ಆದರೆ ಮಗು ಜೊತೆಗಿದೆ ಅಂದಿರಿ. ಹಾಗಾಗಿ ಕೊಶರಿಯನ್ನೂ ಬೇಗ ಕಲಿಯಿರಿ, ಮಕ್ಕಳು ಖುಷಿಯಾಗಿ ತಿನ್ನುತ್ತಾರೆ. ಅನ್ನ, ಕಂದು ಬೇಳೆ, ಮ್ಯಾಕರೋನಿ, ಕಡಲೆಕಾಳು, ಮೇಲೆ ಟೊಮ್ಯಾಟೊ ಸಾಸ್ ಮತ್ತು ಗರಿಗರಿ ಈರುಳ್ಳಿ. ಮಾಂಸದ ಸುಳಿವೇ ಇಲ್ಲ. ಈರುಳ್ಳಿಯನ್ನು ಮೊದಲು ಕರಿಯಿರಿ. ಆ ಎಣ್ಣೆಯಲ್ಲೇ ಅನ್ನ, ಆ ಎಣ್ಣೆಯಲ್ಲೇ ಸಾಸ್ ಮಾಡಿ. ಇಡೀ ಕೊಶರಿಯ ಪರಿಮಳ ಬರುವುದು ಅಲ್ಲಿಂದ. ಬೆಳ್ಳುಳ್ಳಿ, ವಿನೆಗರ್, ಜೀರಿಗೆ, ನೀರು ಸೇರಿಸಿದ ‘ದಕ್ಕಾ’ ಬೇರೆ ಬಟ್ಟಲಲ್ಲಿ ಇರಲಿ. ಅದನ್ನು ಮರೆತರೆ ಸಪ್ಪೆ.

ನಮ್ಮ ಊರಿನಲ್ಲಿ ಕೆಂಪು ಬೇಳೆ, ಜೀರಿಗೆ ಹಾಕಿ ಹಳದಿ ಕೊಶರಿ ಮಾಡುತ್ತಾರೆ. ನಿಮಗೆ ತಿನ್ನುವಾಗಲೇ ಖಿಚಡಿ ನೆನಪಾಗುತ್ತದೆ. ಕೊಶರಿಯ ಮೂಲ ಭಾರತದ ಖಿಚಡಿ ಎಂದೇ ಅನೇಕರು ಹೇಳುತ್ತಾರೆ. 2025ರ ಡಿಸೆಂಬರ್‌ನಲ್ಲಿ ಯುನೆಸ್ಕೋ ಕೊಶರಿಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಸಭೆ ನಡೆದದ್ದು ದೆಹಲಿಯ ಕೆಂಪು ಕೋಟೆಯಲ್ಲಿ, ನಮ್ಮ ದೀಪಾವಳಿಯೂ ಅದೇ ಸಭೆಯಲ್ಲಿ ಪಟ್ಟಿ ಸೇರಿತು. ನನಗಂತೂ ಆವತ್ತು ಎರಡು ಮನೆಯ ಹಬ್ಬ ಒಟ್ಟಿಗೆ ಬಂದಷ್ಟು ಸಂತೋಷವಾಯಿತು.

ಕೈರೋದ ಶುಬ್ರಾದಲ್ಲಿ ಇದ್ದವರು

ಮಾಂಸದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಅದು ಮುಖ್ಯ. ‘ಸಿಯಾಮಿ’, ಅಂದರೆ ಉಪವಾಸದ ಅಡುಗೆ, ಅನ್ನುವ ಮಾತು ನೆನಪಿಟ್ಟುಕೊಳ್ಳಿ. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು ವರ್ಷದಲ್ಲಿ 200ಕ್ಕೂ ಹೆಚ್ಚು ದಿನ ಉಪವಾಸ ಹಿಡಿಯುತ್ತಾರೆ. ಆ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲು, ತುಪ್ಪ ಏನೂ ಇಲ್ಲ, ಎಲ್ಲವೂ ಎಣ್ಣೆಯಲ್ಲಿ. ಶುಬ್ರಾದಲ್ಲಿ ಅವರ ಮನೆಗಳು ಜಾಸ್ತಿ. ಬೇಕರಿಯಲ್ಲೂ ಸಿಯಾಮಿ ಬಿಸ್ಕತ್ತು ಸಿಗುತ್ತದೆ. ಕೆಲವು ಉಪವಾಸಗಳಲ್ಲಿ ಮಾತ್ರ ಮೀನು ನಡೆಯುತ್ತದೆ, ಅದೊಂದನ್ನು ಕೇಳಿಕೊಳ್ಳಿ.

ಬರೀ ‘ಲಹ್ಮಾ (ಮಾಂಸ) ಬೇಡ’ ಅಂದರೆ ಕೋಳಿ ಬಂದೀತು, ಯಾಕೆಂದರೆ ಅವರ ಲೆಕ್ಕದಲ್ಲಿ ಕೋಳಿ ಲಹ್ಮಾ ಅಲ್ಲ. ‘ಮಿನ್ ಘೇರ್ ಲಹ್ಮಾ ವಲಾ ಫಿರಾಖ್ ವಲಾ ಶೋರ್ಬಾ’ ಅನ್ನಿ. ಮಾಂಸ, ಕೋಳಿ, ಅವುಗಳ ರಸ ಮೂರೂ ಬೇಡ ಅಂತ. ಈ ಶೋರ್ಬಾ ಬಹಳ ಮುಖ್ಯ. ತರಕಾರಿ ಅಡುಗೆಯಂತೆ ಕಂಡರೂ ಬೆಂಡೆಕಾಯಿ ಬಾಮಿಯಾ, ಅಕ್ಕಿ ತುಂಬಿದ ತರಕಾರಿ ಮಹ್ಶಿ, ಸೊಪ್ಪಿನ ಮುಲೂಖಿಯಾ ಬೇಯುವುದು ಹೆಚ್ಚಾಗಿ ಮಾಂಸದ ರಸದಲ್ಲಿ.

ಮಹ್ಶಿಯನ್ನು ಮಾತ್ರ ಪಕ್ಕದ ಮನೆಯವರ ಜೊತೆ ಕೂತೇ ಕಲಿಯಿರಿ. ಅಕ್ಕಿ, ಟೊಮ್ಯಾಟೊ, ಸಬ್ಬಸಿಗೆ ಕಲಸಿ ಎಲೆಕೋಸು, ದ್ರಾಕ್ಷಿ ಎಲೆ, ಸಣ್ಣ ಬದನೆಗೆ ತುಂಬುವುದು. ಒಬ್ಬರೇ ಮಾಡಿದರೆ ಸೊಂಟ ಬಿದ್ದುಹೋಗುತ್ತದೆ. ಅಲ್ಲಿ ಅತ್ತೆ, ನಾದಿನಿ, ಪಕ್ಕದ ಮನೆಯವರು ಎಲ್ಲ ಸೇರಿ ಸುತ್ತುತ್ತಾರೆ. ಎಲೆಕೋಸಿನ ಸುರುಳಿ ಬೆರಳಿನಷ್ಟೇ ಸಪೂರ ಇರಬೇಕು. ದಪ್ಪ ಸುತ್ತಿದರೆ ಹಿರಿಯರು ಬಿಚ್ಚಿ ಮತ್ತೆ ಸುತ್ತಿಸುತ್ತಾರೆ.

ಕುವೈತಿನಿಂದ, ಪಕ್ಕದ ಮನೆಯವರು ಈಜಿಪ್ಟಿನ ಮನ್ಸೂರಾ ಊರಿನವರು

ಮುಲೂಖಿಯಾ ಬಿಡಬೇಡಿ ಅಕ್ಕ, ತರಕಾರಿ ಬೇಯಿಸಿದ ನೀರಲ್ಲೂ ಚೆನ್ನಾಗೇ ಆಗುತ್ತದೆ. ಇದು ಸೆಣಬಿನ ಜಾತಿಯ ಸೊಪ್ಪು. ಎರಡು ಹಿಡಿ ಇರುವ ಬಾಗಿದ ಕತ್ತಿ, ಮಖ್ರತಾ, ಅದನ್ನು ಆಚೆ ಈಚೆ ತೂಗುತ್ತಾ ಸೊಪ್ಪು ಲೋಳೆ ಬಿಡುವವರೆಗೆ ಕೊಚ್ಚುತ್ತಾರೆ. ಕುದಿಯುವ ರಸಕ್ಕೆ ಸೊಪ್ಪು ಹಾಕಿ ಉರಿ ತಗ್ಗಿಸಬೇಕು, ಮುಚ್ಚಬಾರದು. ಜಾಸ್ತಿ ಕುದಿಸಿದರೆ ಸೊಪ್ಪು ತಳಕ್ಕೆ, ನೀರು ಮೇಲಕ್ಕೆ. ಕೊನೆಗೆ ತುಪ್ಪದಲ್ಲಿ ಜಜ್ಜಿದ ಬೆಳ್ಳುಳ್ಳಿ, ಕೊತ್ತಂಬರಿ ಬೀಜದ ಪುಡಿ ಕೆಂಪಗೆ ಹುರಿದು ಚುಂಯ್ ಅಂತ ಸುರಿಯುವುದು. ಸುರಿಯುವಾಗ ನಮ್ಮ ಪಕ್ಕದ ಮನೆಯಾಕೆ ಜೋರಾಗಿ ‘ಹಾ’ ಅಂತ ಉಸಿರು ಒಳಗೆಳೆಯುತ್ತಾರೆ. ಹಾಗೆ ಮಾಡದಿದ್ದರೆ ರುಚಿ ಬರುವುದಿಲ್ಲ ಅಂತ ಅವರ ತಾಯಿಯಿಂದ ಬಂದ ನಂಬಿಕೆ. ಈಜಿಪ್ಟಿನ ತುಂಬಾ ಮನೆಗಳಲ್ಲಿ ಹೀಗೇ. ಈ ಸೊಪ್ಪನ್ನು ಆಗ ಈಜಿಪ್ಟ್ ಆಳುತ್ತಿದ್ದ ಫಾತಿಮಿ ವಂಶದ ಖಲೀಫ ಅಲ್ ಹಾಕಿಮ್ ಸಾವಿರ ವರ್ಷದ ಹಿಂದೆ ನಿಷೇಧಿಸಿದ್ದ. ಸೊಪ್ಪು ಅವನನ್ನೂ ಮೀರಿ ಉಳಿಯಿತು.

ಬೆಂಗಳೂರಿನಿಂದ

ಒಂದು ಎಚ್ಚರಿಕೆ. ಜಿ6ಪಿಡಿ (ಕೆಂಪು ರಕ್ತಕಣ ಕಾಪಾಡುವ ಒಂದು ಕಿಣ್ವ) ಕೊರತೆ ಇರುವವರು ಫಾವಾ ಬೀನ್ಸ್ ತಿನ್ನಬಾರದು. ಕೆಂಪು ರಕ್ತಕಣ ಒಡೆದು ಅಪಾಯ ಆಗಬಹುದು. ಇದು ವಂಶದಲ್ಲಿ ಬರುವ ಕೊರತೆ. ಕುಟುಂಬದಲ್ಲಿ ಯಾರಿಗಾದರೂ ಇದ್ದರೆ ಹೊರಡುವ ಮುಂಚೆ ವೈದ್ಯರಿಗೆ ಹೇಳಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.

ಮಾದಿಯವರು ಮತ್ತೆ

ಒಳ್ಳೆಯ ಮಾತು ನೆನಪಿಸಿದಿರಿ. ಒಯ್ಯುವ ಸಾಮಾನಿನ ಬಗ್ಗೆ: ಇಂಗು, ಉದ್ದಿನಬೇಳೆ, ಸಾರಿನ ಪುಡಿ, ಹುಣಸೆಹಣ್ಣು ಒಯ್ಯಿರಿ. ಜೀರಿಗೆ, ಕೊತ್ತಂಬರಿ ಬೀಜ, ಎಳ್ಳು ಹೊರಬೇಡಿ, ಅಲ್ಲಿನ ಅಡುಗೆಯ ಜೀವವೇ ಅವು. ಇವನ್ನೆಲ್ಲ ಹುರಿದು ಬೀಜಗಳ ಜೊತೆ ಕುಟ್ಟಿದ ‘ದುಕ್ಕಾ’ ಸಿಗುತ್ತದೆ, ನಮ್ಮ ಚಟ್ನಿಪುಡಿಯ ಹಾಗೆ ಎಣ್ಣೆ ಕಲಸಿ ರೊಟ್ಟಿಗೆ ಹಚ್ಚಿಕೊಳ್ಳಬಹುದು. ಅಸ್ವಾನ್ ಕಡೆಯ ಕರ್ಕದೇ ಹೂವನ್ನೂ ಕೊಳ್ಳಿ. ಅದು ಪುಂಡಿ ಸೊಪ್ಪಿನ ಬಳಗದ್ದೇ, ಕೆಂಪು ಹುಳಿ ಪಾನಕ ಆಗುತ್ತದೆ. ಕುಕ್ಕರ್ ಇಲ್ಲಿಂದಲೇ ಒಯ್ಯಿರಿ, ಒಂದು ಹೆಚ್ಚಿನ ಗ್ಯಾಸ್ಕೆಟ್ ಸಮೇತ.