ರಾತ್ರಿ ಹಸಿರು, ಬೆಳಿಗ್ಗೆ ತಿಳಿನೀರು: ಪಾಚಿ ಬಾಟಲಿಗೆ ಏನಾಗುತ್ತಿದೆ?

ಮಲ್ಪೆ_ಕ್ಲೌನ್: ಕ್ಲೌನ್ ಮೀನಿನ ಜೋಡಿ ಮೊಟ್ಟೆ ಇಟ್ಟು ಇವತ್ತಿಗೆ ಆರು ದಿನ. ಮೊಟ್ಟೆಯೊಳಗೆ ಕಣ್ಣು ಬೆಳ್ಳಿಯ ಹಾಗೆ ಹೊಳೆಯಲು ಶುರುವಾಗಿದೆ. ಇನ್ನೆರಡು ದಿನದಲ್ಲಿ ಒಡೆಯಬಹುದು. ಮರಿಗಳಿಗೆ ತಿನ್ನಲು ರೋಟಿಫರ್ (ನೀರಿನಲ್ಲಿ ಈಜುವ ಸೂಕ್ಷ್ಮ ಜೀವಿ) ರೆಡಿ ಇದೆ, ರೋಟಿಫರ್‌ಗೆ ಮೇವಾಗಿ ಹಾಕುವ ನ್ಯಾನೋಕ್ಲೋರೋಪ್ಸಿಸ್ ಪಾಚಿ ಕೈಕೊಟ್ಟಿದೆ. ಎರಡು ಲೀಟರಿನ ನಾಲ್ಕು ಬಾಟಲಿ. ಮಲಗುವಾಗ ಪಾಲಕ್ ರುಬ್ಬಿದ ಹಾಗೆ ಹಸಿರು. ಬೆಳಿಗ್ಗೆ ಎದ್ದು ನೋಡಿದರೆ ಎರಡು ಬಾಟಲಿಯ ಹಿಂದೆ ಪೇಪರ್ ಇಟ್ಟು ಓದಬಹುದು! ಗೊಬ್ಬರ, ಲೈಟು, ಗಾಳಿ ಎಲ್ಲ ಮೊದಲಿನ ಹಾಗೇ ಇದೆ.

ಪಣಂಬೂರು_ಪಾಚಿ: ಆಟಿ ತಿಂಗಳು (ಜುಲೈ-ಆಗಸ್ಟ್ ಮಳೆಗಾಲ) ಅಲ್ವಾ, ಉಪ್ಪು ನೋಡಿದ್ರಾ? ಮಳೆಗೆ ಹೊಳೆನೀರು ಸೇರಿ ತೀರದ ಕಡಲನೀರು ಸಪ್ಪೆಯಾಗಿರುತ್ತದೆ.

ಮಲ್ಪೆ_ಕ್ಲೌನ್: ಮೇ ತಿಂಗಳಲ್ಲೇ ತಂದು ಡ್ರಮ್ಮಿನಲ್ಲಿಟ್ಟ ನೀರು. ಬಾವಿನೀರು ಸೇರಿಸಿ ಉಪ್ಪನ್ನು 24 ಪಿಪಿಟಿಗೆ (ಸಾವಿರಕ್ಕೆ 24 ಪಾಲು) ಇಳಿಸಿದ್ದೇನೆ.

ಪಣಂಬೂರು_ಪಾಚಿ: ಹಾಗಾದರೆ ಅದಲ್ಲ. 24 ಆ ಪಾಚಿಗೆ ಆರಾಮ.

ಹಸಿರುನೀರು_ಕುಡ್ಲ: ಗೊಬ್ಬರ ಮುಗಿದರೆ ಬಣ್ಣ ನಿಧಾನಕ್ಕೆ ಹಳದಿಗೆ ತಿರುಗುತ್ತದೆ. ಒಂದೇ ರಾತ್ರಿಗೆ ತಿಳಿಯಾಯಿತೆಂದರೆ ಯಾರೋ ತಿಂದಿದ್ದಾರೆ ಮಾರಾಯ್ರೆ. ಆ ನೀರನ್ನು ಗಾಜಿನ ಲೋಟಕ್ಕೆ ಹಾಕಿ, ಲೈಟ್ ಆರಿಸಿ, ಬದಿಯಿಂದ ಮೊಬೈಲ್ ಟಾರ್ಚ್ ಹಿಡಿಯಿರಿ.

ಮಲ್ಪೆ_ಕ್ಲೌನ್: ಅಯ್ಯೋ! ಬಿಳಿ ಧೂಳಿನ ಹಾಗೆ ಇದೆ, ಆದರೆ ಸುಮ್ನೆ ತೇಲುವುದಲ್ಲ, ಈಜುತ್ತಿದೆ. ತಿಳಿಯಾದ ಎರಡೂ ಬಾಟಲಿ ರೋಟಿಫರ್ ಬಕೆಟ್ಟಿನ ಪಕ್ಕದಲ್ಲೇ ಇದ್ದವು.

ಹಸಿರುನೀರು_ಕುಡ್ಲ: ನಿಮ್ಮದೇ ರೋಟಿಫರ್. ಬಕೆಟ್ಟಿನಲ್ಲಿ ಗುಳ್ಳೆ ಒಡೆದಾಗ ಸಣ್ಣ ಹನಿ ಹಾರುತ್ತದೆ, ಬಾಟಲಿಯ ಬಾಯಿಗೆ ಒಂದು ಬಿದ್ದರೂ ಸಾಕು. ಹೆಣ್ಣು ಒಂದಿದ್ದರೆ ಗಂಡು ಬೇಡ, ಅದರಷ್ಟಕ್ಕೇ ಮರಿ ಮಾಡುತ್ತದೆ. ಒಂದೇ ಕಪ್ಪು, ಒಂದೇ ಪೈಪು ಎರಡಕ್ಕೂ ಬಳಸಿದರೂ ಅಷ್ಟೇ. ನಾನೂ ಒಮ್ಮೆ ರೋಟಿಫರ್ ಜಾಲರಿ ತೊಳೆದ ಕೈಯಲ್ಲೇ ಪಾಚಿ ಮುಟ್ಟಿ ಆರು ಬಾಟಲಿ ಕಳಕೊಂಡವ.

ತಿಳಿಯಾದ ನೀರು ಚೆಲ್ಲಬೇಡಿ, ಬಕೆಟ್ಟಿಗೇ ಸುರಿಯಿರಿ. ಉಳಿದ ಎರಡು ಬಾಟಲಿ ಈಗಲೇ ಬೇರೆ ಕೋಣೆಗೆ. ಗಾಳಿ ಪೈಪಿಗೆ ನಡುವೆ ಹತ್ತಿ ತುರುಕಿ, ಬಾಯಿಗೂ ಹತ್ತಿ. ಬೆಳಿಗ್ಗೆ ಮೊದಲು ಪಾಚಿ ಕೆಲಸ, ಆಮೇಲೆ ರೋಟಿಫರ್. ಹೊಸ ನೀರಿಗೆ ಲೀಟರಿಗೆ 1 ಮಿ.ಲೀ. ಬ್ಲೀಚ್ ಹಾಕಿ ರಾತ್ರಿ ಬಿಡಿ, ಬೆಳಿಗ್ಗೆ ಕ್ಲೋರಿನ್ ತೆಗೆಯಲು ಥಯೋಸಲ್ಫೇಟ್ ಹಾಕಿ. ಕ್ಲೋರಿನ್ ಕಿಟ್ಟಿನಲ್ಲಿ ಹಳದಿ ಬಂದರೆ ಕ್ಲೋರಿನ್ ಉಳಿದಿದೆ, ಥಯೋಸಲ್ಫೇಟ್ ಇನ್ನೂ ಸ್ವಲ್ಪ ಹಾಕಬೇಕು.

ಮಲ್ಪೆ_ಕ್ಲೌನ್: ಎರಡು ಬಾಟಲಿ ಸಾಲದಿದ್ದರೆ ಬೇಕರಿ ಯೀಸ್ಟ್ ಹಾಕಲಾ?

ಹಸಿರುನೀರು_ಕುಡ್ಲ: ರೋಟಿಫರ್ ಬದುಕುತ್ತದೆ, ಹೆಚ್ಚುತ್ತದೆ ಕೂಡ. ಆದರೆ ಮರಿಗೆ ಬೇಕಾದ ಇಪಿಎ ಎಂಬ ಒಮೆಗಾ-3 ಕೊಬ್ಬು ಯೀಸ್ಟಿನಲ್ಲಿ ಇಲ್ಲ, ಪಾಚಿಯಲ್ಲಿ ಉಂಟು. ಅದಕ್ಕೇ ಹಸಿರು ನೀರನ್ನು ಉಳಿಸಿಟ್ಟು, ಮರಿಗೆ ಕೊಡುವ ಕೆಲವು ಗಂಟೆ ಮೊದಲು ರೋಟಿಫರ್‌ಗೆ ತಿನ್ನಿಸಿ.

ಮಲ್ಪೆ_ಕ್ಲೌನ್: ಮೂರು ದಿನದ ಮೇಲೆ ಬಂದೆ. ಮೊನ್ನೆ ಲೈಟ್ ಆರಿಸಿದ ಮೇಲೆ ಮೊಟ್ಟೆ ಒಡೆಯಿತು. ಮರಿಗಳು ನೀರಿನಲ್ಲಿ ಎಸ್ ಆಕಾರಕ್ಕೆ ಬಾಗಿ ಹಾರಿ ರೋಟಿಫರ್ ಹಿಡಿಯುತ್ತಿವೆ. ಬಾಟಲಿಗಳು ಈಗ ದೇವರ ಕೋಣೆಯ ಕಿಟಕಿಯಲ್ಲಿ. ಅಮ್ಮನಿಗೆ ಸಿಟ್ಟು ಬಂದಿದೆ, ಪಾಚಿ ಮಾತ್ರ ಹಸಿರಾಗೇ ಇದೆ.