ಟಿಕೆಟ್ ಲೆಕ್ಕ ಸಿಕ್ಕಿತು, ರಾತ್ರಿಗಳ ಲೆಕ್ಕ ಎಲ್ಲಿ?

ತೋಟದಮನೆ, ಮಡಿಕೇರಿ ತಾಲೂಕು:
ಕೊಡಗಿಗೆ ಈ ವರ್ಷ ಇಷ್ಟು ಲಕ್ಷ ಪ್ರವಾಸಿಗರು ಅಂತ ಪೇಪರಲ್ಲಿ ಬಂದಾಗೆಲ್ಲ ನನಗೆ ಒಂದೇ ಪ್ರಶ್ನೆ. ಇವರಲ್ಲಿ ಇಲ್ಲಿ ಮಲಗಿದವರೆಷ್ಟು? ಎಷ್ಟು ರಾತ್ರಿ? ನಾಲ್ಕು ರೂಮಿನ ಹೋಂಸ್ಟೇ ನಡೆಸ್ತಿದ್ದೇನೆ, ನೋಂದಣಿ ಆಗಿದೆ. ನಿನ್ನೆ ಹಳೇ ರಿಜಿಸ್ಟರ್ ತೆಗೆದು ಕೂತೆ. ಒಂದು ಸಾಲು ಹೀಗಿದೆ: ಬೆಂಗಳೂರಿನ ಒಬ್ಬರ ಹೆಸರು, ಫೋನ್ ನಂಬರ್, ಪಕ್ಕದಲ್ಲಿ ಪೆನ್ಸಿಲಿನಲ್ಲಿ "+6". ಆ ಆರು ಜನ ಯಾರು, ಮಕ್ಕಳೆಷ್ಟು, ಯಾವತ್ತು ಹೊರಟರು, ಏನೂ ಇಲ್ಲ. ಹೊರಟ ದಿನದ ಕಾಲಂ ಅರ್ಧಕ್ಕರ್ಧ ಖಾಲಿ. ಬರೆದವಳು ನಾನೇ. ಅಂಕಿ ಕೇಳಿ ಫೋನ್ ಬಂದಾಗ ಹೋದ ತಿಂಗಳದ್ದನ್ನೇ ಅಂದಾಜಲ್ಲಿ ಹೇಳಿದ್ದೂ ಉಂಟು. ವಿದೇಶದವರು ಬಂದರೆ ಮಾತ್ರ ಹೀಗೆ ನಡೆಯಲ್ಲ, 24 ಗಂಟೆಯೊಳಗೆ ಅವರ ವಿವರದ ಫಾರಂ ತುಂಬಿ ಕಳಿಸಲೇಬೇಕು. ನಮ್ಮ ದೇಶದವರ ಲೆಕ್ಕಕ್ಕೆ ಆ ಕಟ್ಟುನಿಟ್ಟು ಇಲ್ಲ. ನನ್ನ ಮನೆಯ ಪುಸ್ತಕವೇ ಹೀಗಿದ್ದ ಮೇಲೆ ಜಿಲ್ಲೆಯ ಲೆಕ್ಕವನ್ನು ಹೇಗೆ ನಂಬಲಿ?

ಜೀಪ್ ಚಾಲಕ:
ಅಕ್ಕ, ಅವರು ಎಣಿಸೋದು ಗೇಟಲ್ಲಿ. ಒಂದೇ ಫ್ಯಾಮಿಲಿನ ನಾನು ಬೆಳಿಗ್ಗೆ ಮಾಂದಲಪಟ್ಟಿಗೆ ಕರ್ಕೊಂಡು ಹೋಗ್ತೇನೆ. ಮಧ್ಯಾಹ್ನ ಅಬ್ಬಿ ಫಾಲ್ಸ್, ಸಂಜೆ ರಾಜಾಸೀಟ್, ಮಾರನೇ ದಿನ ದುಬಾರೆ. ನಾಲ್ಕು ಜನ ನಾಲ್ಕು ಕಡೆ ಟಿಕೆಟ್ ತಗೊಂಡ್ರೆ ಕೂಡಿಸುವವರ ಕಣ್ಣಿಗೆ ಹದಿನಾರು ಜನ. ಮನೆಗೆ ಬಂದ ನೆಂಟರ ಮಕ್ಕಳನ್ನು ರಾಜಾಸೀಟಿಗೆ ಕರ್ಕೊಂಡು ಹೋದ ಮಡಿಕೇರಿಯವನೂ ಆ ಲೆಕ್ಕದಲ್ಲಿ ಪ್ರವಾಸಿಗನೇ.

ಕುಶಾಲನಗರದವ:
ನಮ್ಮ ಕಡೆ ಉಲ್ಟಾ ಆಗ್ತದೆ. ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್ ನೋಡೋಕೆ ಬರುವವರಲ್ಲಿ ಎಷ್ಟೋ ಜನ ಉಳಿಯೋದು ಕುಶಾಲನಗರದ ಲಾಡ್ಜಲ್ಲಿ. ಆದರೆ ಬೈಲುಕುಪ್ಪೆ ಪಿರಿಯಾಪಟ್ಟಣ ತಾಲೂಕು, ಮೈಸೂರು ಜಿಲ್ಲೆ. ನೋಡಿದ ಲೆಕ್ಕ ಅಲ್ಲಿಗೆ, ನೀರು, ಕಸ, ಟ್ರಾಫಿಕ್ ಇಲ್ಲಿಗೆ. ಆದರೂ ಅಕ್ಕ, ಅಂಕಿ ಪೂರ್ತಿ ದಂಡ ಅಂತ ನಾನು ಒಪ್ಪಲ್ಲ. ಅಳತೆಕೋಲು ಒಂದಿಂಚು ಮೋಟು ಇದ್ದರೂ ಪ್ರತಿ ಸಲ ಅದರಲ್ಲೇ ಅಳೆದರೆ ಮಗು ಬೆಳೆದದ್ದು ಗೊತ್ತಾಗುತ್ತೆ.

ನಿವೃತ್ತ ಅಂಕಿಅಂಶ ಮೇಷ್ಟ್ರು:
ಕೋಲು ಬದಲಾಗದಿದ್ದರೆ ನಿಮ್ಮ ಮಾತು ಸರಿ. ಬದಲಾಗ್ತಿದೆಯಲ್ಲ, ಅದೇ ತೊಂದರೆ. ನೋಂದಣಿ ಮಾಡಿಸದ ಹೋಂಸ್ಟೇಗಳ ಮೇಲೆ ಒಂದು ವರ್ಷ ಬಿಗಿ ತಪಾಸಣೆ ಆಯಿತು ಅಂತಿಟ್ಟುಕೊಳ್ಳಿ. ಹೆದರಿ ನೂರಾರು ಜನ ಅರ್ಜಿ ಹಾಕ್ತಾರೆ. ಮುಂದಿನ ವರದಿಯಲ್ಲಿ ಜಿಲ್ಲೆಯ ಹಾಸಿಗೆ ಸಂಖ್ಯೆ ಎದ್ದು ನಿಲ್ಲುತ್ತೆ. ಹೊಸದಾಗಿ ಒಂದು ದಿಂಬೂ ಬಂದಿರಲ್ಲ. ಇದನ್ನು ಬೆಳವಣಿಗೆ ಅಂತ ಓದಿದರೆ ತಪ್ಪು ದಾರಿಗೆ ಬೀಳ್ತೇವೆ. ಮಳೆಗಾಲಕ್ಕೆ ಬಾಗಿಲು ಹಾಕುವ ಮನೆಗಳ ರೂಮುಗಳನ್ನು ಜುಲೈ ಲೆಕ್ಕದಲ್ಲೂ ಹಾಗೇ ಉಳಿಸಿಕೊಂಡರೆ ತೆರೆದಿರುವವರ ವ್ಯಾಪಾರವೂ ಪಾತಾಳಕ್ಕಿಳಿದ ಹಾಗೆ ಕಾಣುತ್ತೆ.

ತೋಟದಮನೆಯವರ ಪ್ರಶ್ನೆಯೇ ಮುಖ್ಯದ್ದು. ವಿಶ್ವಸಂಸ್ಥೆಯ 2008ರ ಪ್ರವಾಸೋದ್ಯಮ ಅಂಕಿಅಂಶ ಶಿಫಾರಸುಗಳಲ್ಲಿ ಇದು ಸ್ಪಷ್ಟ ಇದೆ: ರಾತ್ರಿ ತಂಗಿದವನು ಪ್ರವಾಸಿ, ಅದೇ ದಿನ ವಾಪಸಾದವನು ದಿನದ ಭೇಟಿಗಾರ. ವಸತಿ ಲೆಕ್ಕದಲ್ಲಿ ಬಂದವರ ಸಂಖ್ಯೆ ಬೇರೆ, ಕಳೆದ ರಾತ್ರಿಗಳ ಸಂಖ್ಯೆ ಬೇರೆ. ಇಬ್ಬರು ಮೂರು ರಾತ್ರಿ ಇದ್ದರೆ ಬಂದವರು ಎರಡು, ರಾತ್ರಿ ಆರು. ಗೇಟಿನ ಟಿಕೆಟ್ ಇವೆರಡರಲ್ಲಿ ಒಂದನ್ನೂ ಹೇಳಲ್ಲ.

ಹೆಸರು ಬೇಡ, ಸೋಮವಾರಪೇಟೆ ಕಡೆ:
ನಾನು ನೋಂದಣಿ ಮಾಡಿಸಿಲ್ಲ, ಮುಚ್ಚಿಡೋದಿಲ್ಲ. ಅಪ್ಪ ಕಟ್ಟಿಸಿದ ಮನೆ, ಮೂರು ರೂಮು. ಮಳೆಗೆ ಕಾಫಿ ಉದುರಿದ ವರ್ಷ ಬೇರೆ ದಾರಿ ಕಾಣದೆ ಶುರು ಮಾಡಿದ್ದು. ಪಂಚಾಯಿತಿ ಎನ್‌ಒಸಿ, ಪೊಲೀಸ್ ಎನ್‌ಒಸಿ ಅಂತ ಎರಡು ವರ್ಷ ಓಡಾಡಿ ಸುಸ್ತಾದೆ. ಈಗ ಅಂಕಿ ಕೊಡಿ ಅಂತೀರಿ. ಕೊಟ್ಟ ಅಂಕಿಯೇ ನಾಳೆ ನೋಟಿಸ್ ಆಗಿ ಬಾಗಿಲಿಗೆ ಬಂದರೆ ನನ್ನ ಪರವಾಗಿ ಯಾರು ಬರ್ತೀರಿ?

ತೋಟದಮನೆ, ಮಡಿಕೇರಿ ತಾಲೂಕು:
ತಮ್ಮಾ, ನಿನ್ನ ಕಷ್ಟ ಗೊತ್ತು, ಅದೇ ಕಾಗದಕ್ಕೆ ನಾನೂ ಓಡಾಡಿದವಳು. ಆದರೆ 2018 ನೆನಪು ಮಾಡಿಕೋ. ಆಗಸ್ಟಲ್ಲಿ ಗುಡ್ಡ ಕುಸಿದು ಪ್ರವಾಸಿಗರು ಬರಬಾರದು ಅಂತ ಜಿಲ್ಲಾಡಳಿತ ಆದೇಶ ಮಾಡಿತು. ಬುಕಿಂಗ್ ಎಲ್ಲ ಹೋಯಿತು. ಆಮೇಲೆ ಒಂದು ಸಭೆಯಲ್ಲಿ ಕೇಳಿದರು, ನಿಮ್ಮ ನಷ್ಟ ಎಷ್ಟು, ಹಿಂದಿನ ವರ್ಷ ಇದೇ ತಿಂಗಳು ಎಷ್ಟು ರೂಮು ಹೋಗಿತ್ತು ಅಂತ. ನಾನು "+6" ಅಂತ ಬರೆದಿದ್ದ ಪುಸ್ತಕ ಹಿಡ್ಕೊಂಡು ಎದ್ದು ನಿಂತೆ. ಉತ್ತರ ಹೊರಡಲಿಲ್ಲ. ನಾಲ್ಕು ತಿಂಗಳು ಕೆಲಸದವಳಿಗೆ ಪೂರ್ತಿ ಸಂಬಳ ಕೊಡೋಕಾಗಲಿಲ್ಲ, ಅದಕ್ಕೂ ನನ್ನ ಹತ್ತಿರ ದಾಖಲೆ ಇರಲಿಲ್ಲ. ಆ ದಿನದ ಸಂಕಟ ಇನ್ನೂ ಹೋಗಿಲ್ಲ.

ಮಾಜಿ ಪಂಚಾಯಿತಿ ಸದಸ್ಯ:
ನಷ್ಟ ಒಂದು ಕಡೆ ಇರಲಿ, ನೀರಿನ ವಿಷಯ ಹೇಳ್ತೇನೆ. 2011ರ ಜನಗಣತಿಯಲ್ಲಿ ಇಡೀ ಕೊಡಗಿನ ಜನಸಂಖ್ಯೆ 5,54,519. ಯೋಜನೆಗಳು ನಡೆಯೋದು ಇಂಥ ಅಂಕಿ ಮೇಲೆ, ಅಂದರೆ ಇಲ್ಲೇ ವಾಸ ಇರುವವರ ಮೇಲೆ. ಮಡಿಕೇರಿಗೆ ನೀರು ಕೊಡುವ ಕೂಟುಹೊಳೆಯ ನೀರು ಶನಿವಾರ ರಾತ್ರಿ ಎಷ್ಟು ಜನಕ್ಕೆ ಬೇಕು ಅಂತ ಜನಗಣತಿ ಹೇಳಲ್ಲ. ನನ್ನ ಅವಧಿಯಲ್ಲಿ ವಾರದ ದಿನ ಒಂದು ಟ್ರಿಪ್ಪಲ್ಲಿ ಮುಗಿಯುವ ಕಸಕ್ಕೆ ಸೋಮವಾರ ಟ್ರ್ಯಾಕ್ಟರ್ ಮೂರು ಟ್ರಿಪ್ ಹೊಡೀತಿತ್ತು. ಇನ್ನೊಂದು ಗಾಡಿ ಕೊಡಿ ಅಂತ ಕೇಳಿದರೆ, ನಿಮ್ಮ ಊರಲ್ಲಿ ಅಷ್ಟು ಜನ ಎಲ್ಲಿದ್ದಾರೆ ಅಂದರು. ಕಾಗದದಲ್ಲಿ ನಿಜಕ್ಕೂ ಇರಲಿಲ್ಲ.

ಕುಶಾಲನಗರದವ:
ಹಾಗಾದರೆ ಬುಕಿಂಗ್ ಆ್ಯಪ್‌ನವರ ಹತ್ತಿರವೇ ಕೇಳಬಹುದಲ್ಲ? ಅವರಿಗೆ ಪ್ರತಿ ರಾತ್ರಿಯ ಲೆಕ್ಕ ಇರುತ್ತೆ.

ನಿವೃತ್ತ ಅಂಕಿಅಂಶ ಮೇಷ್ಟ್ರು:
ಯುರೋಪಿನಲ್ಲಿ ಕೇಳಿದ್ದಾರೆ. ಅಲ್ಲೂ ಹತ್ತು ಹಾಸಿಗೆಗಿಂತ ಚಿಕ್ಕ ಮನೆಗಳು ಅನೇಕ ದೇಶಗಳ ಲೆಕ್ಕದಿಂದ ಹೊರಗಿದ್ದವು. 2020ರ ಮಾರ್ಚ್‌ನಲ್ಲಿ ಏರ್‌ಬಿಎನ್‌ಬಿ, ಬುಕಿಂಗ್, ಎಕ್ಸ್‌ಪೀಡಿಯಾ, ಟ್ರಿಪ್‌ಅಡ್ವೈಸರ್ ಜೊತೆ ಒಪ್ಪಂದ ಆಯಿತು. ಯಾವ ಮನೆ, ಯಾರು ಬಂದರು ಅನ್ನೋದು ಪ್ರಕಟವಾಗಲ್ಲ. ಊರಿಗಿಷ್ಟು ರಾತ್ರಿ ಅಂತ ಒಟ್ಟು ಲೆಕ್ಕ ಬರುತ್ತೆ. ಆದರೆ ನಮ್ಮಲ್ಲಿ ಫೋನ್ ಮಾಡಿ ಬರುವವರು, ಡ್ರೈವರ್ ಕರ್ಕೊಂಡು ಬರುವವರು ಬಹಳ. ಆ್ಯಪ್ ಒಂದೇ ಸಾಲದು, ರಿಜಿಸ್ಟರೂ ಬೇಕು.

ಸೋಮವಾರಪೇಟೆಯವರೇ, ನಿಮ್ಮ ಭಯಕ್ಕೆ ಕಾನೂನಲ್ಲಿ ಉತ್ತರ ಇದೆ. 2008ರ ಅಂಕಿಅಂಶ ಸಂಗ್ರಹಣಾ ಕಾಯ್ದೆಯಡಿ ಕೊಟ್ಟ ಮಾಹಿತಿಯನ್ನು ಅಂಕಿಅಂಶದ ಕೆಲಸಕ್ಕೆ ಮಾತ್ರ ಬಳಸಬೇಕು. ಪರವಾನಗಿ ಕೊಡುವವರೇ, ದಂಡ ಹಾಕುವವರೇ ಫೋನ್ ಮಾಡಿ ಅಂಕಿ ಕೇಳಿದರೆ ಯಾರೂ ನಿಜ ಹೇಳಲ್ಲ. ಎಣಿಸುವ ಕೈ ಬೇರೆ ಇರಬೇಕು.

ಜೀಪ್ ಚಾಲಕ:
ಸರ್, ಹಾಗೆ ಬೇರೆ ಮಾಡಿದರೆ ನಮ್ಮ ಸ್ಟ್ಯಾಂಡಿನವರೂ ಸೇರ್ತೇವೆ. ಎಲ್ಲಿಂದ ಹತ್ತಿಸಿಕೊಂಡೆವು, ಎಷ್ಟನೇ ದಿನ ಇಲ್ಲಿದ್ದಾರೆ, ಎರಡೇ ಪ್ರಶ್ನೆ. ಹತ್ತುವಾಗಲೇ ಕೇಳಬಹುದು.

ಹೆಸರು ಬೇಡ, ಸೋಮವಾರಪೇಟೆ ಕಡೆ:
ಕಾಯ್ದೆಯ ಮಾತು ನನಗೆ ಗೊತ್ತಿರಲಿಲ್ಲ ಮೇಷ್ಟ್ರೇ. ನೋಂದಣಿಗೆ ಇನ್ನೊಮ್ಮೆ ಹೋಗ್ತೇನೋ ಇಲ್ಲವೋ ಈಗಲೇ ಹೇಳಲಾರೆ. ಹೆಸರು ಹಾಕದೆ ನನ್ನ ಮನೆಯ ಲೆಕ್ಕ ಕೊಡ್ತೇನೆ, ತಗೊಳ್ಳಿ. ಹೋದ ಶನಿವಾರ: ಹಾಸಿಗೆ 8, ಮಲಗಿದವರು 11, ಮೂವರು ಹಾಲಲ್ಲಿ ಚಾಪೆ ಮೇಲೆ. ಭಾನುವಾರ ಉಳಿದವರು 2. ಸೋಮವಾರದಿಂದ ಗುರುವಾರದವರೆಗೆ ಯಾರೂ ಇಲ್ಲ.