ಎರಡು ಊರಲ್ಲಿ ಎರಡು ಮದುವೆ: ಮಾಡಿಕೊಂಡವರು ಯಾರಾದ್ರೂ ಇದ್ದೀರಾ?

ಮಂಡ್ಯದ_ಮಗಳು
ನಮ್ಮದು ಮಂಡ್ಯ ಹತ್ತಿರದ ಹಳ್ಳಿ, ಹುಡುಗ ಕೋಲ್ಕತ್ತಾದವನು. ಇಬ್ಬರಿಗೂ ಕೆಲಸ ಬೆಂಗಳೂರಲ್ಲಿ. ಮನೆಯವರು ಒಪ್ಪಿ ಆಯಿತು, ಈಗ ತಕರಾರು ಮದುವೆ ಎಲ್ಲಿ ಅನ್ನೋದು. ನಮ್ಮಜ್ಜಿಗೆ ಮಂಡಿನೋವು, ಮೈಸೂರಿಗೆ ಹೋಗೋದೇ ಕಷ್ಟ. ಅವರ ಮನೆ ತುಂಬಾ ವಯಸ್ಸಾದವರು, ರೈಲಲ್ಲಿ ಹತ್ತಿರ ಹತ್ತಿರ ಒಂದೂವರೆ ದಿನ ಕೂತು ಬರಲು ಆಗಲ್ಲ, ಎಲ್ಲರಿಗೂ ವಿಮಾನದ ಟಿಕೆಟ್ ತೆಗೆಯುವಷ್ಟು ದುಡ್ಡು ನಮ್ಮ ಹತ್ತಿರ ಇಲ್ಲ. ಅದಕ್ಕೆ ಇಲ್ಲೊಂದು, ಅಲ್ಲೊಂದು ಅಂತ ಯೋಚನೆ. ಆದರೆ ಅಪ್ಪ, "ಒಂದು ಸಲ ಧಾರೆ ಎರೆದ ಮಗಳನ್ನು ಇನ್ನೊಂದು ಸಲ ಹೇಗೆ ಎರೆಯಲಿ" ಅಂತ ಪಟ್ಟು ಹಿಡಿದಿದ್ದಾರೆ. ಅವನ ಅಮ್ಮ, ನನಗೆ ಸಿಂದೂರ ಇಡೋದು ತಮ್ಮ ಊರಲ್ಲೇ ಆಗಬೇಕು ಅಂತಾರೆ. ಕಾನೂನಿಗೆ ಯಾವುದು ಮದುವೆ? ಇಬ್ಬರಿಗೂ ಆಗುವ ತಿಂಗಳು ಯಾವುದಾದ್ರೂ ಇದೆಯಾ?

ಬಾಡೂಟ_ಭೈರ
ನಿಮ್ಮಪ್ಪ ಹೇಳೋದು ಸರಿ ಕಣಮ್ಮ. ಎರಡು ಮದುವೆ ಯಾಕೆ? ಬಂಗಾಳಿಗಳಲ್ಲೂ ಮದುವೆ ನಡೆಯೋದು ಹೆಣ್ಣಿನ ಮನೆಯಲ್ಲೇ, ಸಿಂದೂರ ಇಡೋದೂ ಅಲ್ಲೇ. ಅಷ್ಟೇ ಅಲ್ಲ, ಮಗನ ಮದುವೆಯನ್ನು ತಾಯಿ ನೋಡಬಾರದು ಅನ್ನೋ ಪದ್ಧತಿ ಅವರಲ್ಲಿದೆ. ಈಗ ಎಷ್ಟೋ ಮನೆಯಲ್ಲಿ ಬಿಟ್ಟಿದ್ದಾರೆ, ಅದು ಬೇರೆ ವಿಷಯ. ಗಂಡಿನ ಮನೆಯಲ್ಲಿ ನಡೆಯೋದು ಬೌ ಭಾತ್: ಸೊಸೆ ಮನೆಯವರಿಗೆ ಅನ್ನ ಬಡಿಸ್ತಾಳೆ, ಗಂಡ ಅವಳ ಕೈಗೆ ಊಟದ ತಟ್ಟೆ, ಸೀರೆ ಕೊಟ್ಟು ಅನ್ನ ಬಟ್ಟೆ ನನ್ನ ಹೊಣೆ ಅಂತಾನೆ, ಸಂಜೆ ಊರವರಿಗೆಲ್ಲ ಊಟ. ನಮ್ಮ ಬೀಗರ ಔತಣ ಇದ್ದ ಹಾಗೇ, ಕುರಿ ಬದಲು ಮೀನು ಜಾಸ್ತಿ ಅಷ್ಟೇ. ಧಾರೆ ಮಂಡ್ಯದಲ್ಲಿ, ಬೌ ಭಾತ್ ಕೋಲ್ಕತ್ತಾದಲ್ಲಿ. ಅಲ್ಲಿ ಹಸೆಮಣೆ, ಪುರೋಹಿತರು ಏನೂ ಬೇಡ.

ಕರಿಕೋಟು
ಕಾನೂನಿಗೆ ಮೊದಲು ಶಾಸ್ತ್ರದ ಪ್ರಕಾರ ಆದದ್ದೇ ಮದುವೆ, ಎರಡನೆಯದು ಬರೀ ಸಂಭ್ರಮ. 1955ರ ಹಿಂದೂ ವಿವಾಹ ಕಾಯ್ದೆ ಪ್ರಕಾರ ಇಬ್ಬರಲ್ಲಿ ಯಾರ ಕಡೆಯ ಪದ್ಧತಿಯಲ್ಲಾದ್ರೂ ಮಾಡಬಹುದು, ಸಪ್ತಪದಿ ಇರುವ ಕಡೆ ಏಳನೇ ಹೆಜ್ಜೆಗೆ ಮದುವೆ ಪೂರ್ತಿ. ಶಾಸ್ತ್ರ ಮಾಡದೆ ಬರೀ ಸರ್ಟಿಫಿಕೇಟ್ ಮಾಡಿಸಿದರೆ ಹಿಂದೂ ಮದುವೆ ಆಗಲ್ಲ ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಹಾಗಾಗಿ ಮಂಡ್ಯದ ತಾರೀಖನ್ನೇ ನೋಂದಣಿ ಮಾಡಿಸಿ, ಪಾಸ್‌ಪೋರ್ಟ್, ಬ್ಯಾಂಕು ಎಲ್ಲ ಕಡೆ ಅದೊಂದೇ ಇರಲಿ. ಯಾರದ್ದು ಅಸಲಿ ಅನ್ನೋ ಜಗಳವೇ ಬೇಡ ಅಂದ್ರೆ ಶಾಸ್ತ್ರ ಇಲ್ಲದೆ ಅಧಿಕಾರಿ ಮುಂದೆಯೇ ಮದುವೆ ಆಗುವ ವಿಶೇಷ ವಿವಾಹ ಕಾಯ್ದೆಯಲ್ಲಿ ಮೊದಲೇ ಮಾಡಿಕೊಳ್ಳಿ: 30 ದಿನದ ನೋಟಿಸ್, 3 ಸಾಕ್ಷಿ. ಆಮೇಲೆ ಎರಡು ಕಡೆಯದೂ ಸಮಸಮ.

ಡಲ್ಲಾಸ್_ಕನ್ನಡತಿ
ಭೈರ ಅವರೇ, ಊಟ ಹಾಕಿದರೆ ಸಾಕು ಅಂದ್ರೆ ಹೇಗೆ? ಅಲ್ಲಿನ ಅಜ್ಜಿಯರಿಗೂ ಮೊಮ್ಮಗನ ಮದುವೆ ನೋಡೋ ಆಸೆ ಇರುತ್ತೆ. ಧಾರೆ ಬಿಟ್ಟು ಮಾಲೆ, ಶಂಖದ ಬಳೆ, ಸಿಂದೂರ ಅಲ್ಲೂ ಮಾಡಲಿ, ಯಾರಿಗೇನು ನಷ್ಟ? ಇನ್ನೊಂದು ಮಾತು, ಅಮೆರಿಕದ ಪ್ರಜೆಯನ್ನು ಮದುವೆ ಆಗೋಕೆ ಕೆ-1 ವೀಸಾ ನೋಡುತ್ತಿರುವವರಿಗೆ. ಅದು ಮದುವೆ ಆಗದವರಿಗೆ ಮಾತ್ರ, ಇಲ್ಲಿ ಬಂದು 90 ದಿನದಲ್ಲಿ ಮದುವೆ ಆಗಬೇಕು. ಊರಲ್ಲಿ ಸುಮ್ನೆ ಚಿಕ್ಕದಾಗಿ ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಕೊಂಡು ಬರ್ತೀವಿ ಅಂದ್ರೆ ಸಿಕ್ಕಿಹಾಕಿಕೊಳ್ತೀರಿ.

ಪಂಚಾಂಗ_ಪುಟ್ಟಣ್ಣ
ತಿಂಗಳು ಕೇಳಿದ್ರಲ್ಲ. ನಮಗೆ ಆಷಾಢ ಆಗಲ್ಲ, ಅವರಿಗೆ ಆಗುತ್ತೆ. ಅವರಿಗೆ ಚೈತ್ರ ಬೇಡ, ಅವರ ಚೈತ್ರ ಅಂದ್ರೆ ಮಾರ್ಚ್ ಮಧ್ಯದಿಂದ ಏಪ್ರಿಲ್ ಮಧ್ಯ. ನಮ್ಮ ಧನುರ್ಮಾಸ, ಅವರ ಪೌಷ ಒಂದೇ ಹೊತ್ತಿಗೆ ಬರುತ್ತೆ, ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಇಬ್ಬರಿಗೂ ಇಲ್ಲ. ಫೆಬ್ರವರಿ ನೋಡಿ, ಕೋಲ್ಕತ್ತಾದಲ್ಲಿ ಸೆಕೆಯೂ ಇರಲ್ಲ. ಅವರ ಲಗ್ನ ಸಂಜೆ ಅಥವಾ ರಾತ್ರಿ, ನಮ್ಮದು ಹೆಚ್ಚಾಗಿ ಬೆಳಿಗ್ಗೆ, ಪುರೋಹಿತರ ಹತ್ತಿರ ಮೊದಲೇ ಮಾತಾಡಿ. ರೈಲು ಬುಕಿಂಗ್ ಈಗ 60 ದಿನ ಮುಂಚೆ ಮಾತ್ರ ತೆರೆಯೋದು.

ಮಂಡ್ಯದ_ಮಗಳು
ತಾಯಿ ನೋಡಬಾರದು ಅನ್ನೋದು ಗೊತ್ತಿರಲಿಲ್ಲ! ಅವನನ್ನು ಕೇಳಿದೆ, ಹೌದಂತೆ, ಆದರೆ ಅಮ್ಮನಿಗೆ ಅದನ್ನು ಹೇಳೋ ಧೈರ್ಯ ಅವನಿಗಿಲ್ಲವಂತೆ. ಧಾರೆ ಇಲ್ಲಿ, ನೋಂದಣಿ ಇಲ್ಲಿ, ಬೌ ಭಾತ್ ದಿನ ಬೆಳಿಗ್ಗೆ ಅವರ ಮನೆಯಲ್ಲಿ ಮಾಲೆ, ಸಿಂದೂರ. ಅಪ್ಪನಿಗೆ ಭಾನುವಾರ ಹೇಳ್ತೀನಿ. ಫೆಬ್ರವರಿಗೆ ಮಂಡ್ಯ ಕಡೆ ಛತ್ರ ಎಷ್ಟು ಮುಂಚೆ ಹಿಡೀಬೇಕು, ಗೊತ್ತಿದ್ದವರು ಹೇಳಿ.